ಅಳಿಸಿದ ಚಾಟ್ ಯಾರನ್ನು ಉಳಿಸಿತು?

ಕಳೆದ ವರ್ಷ ನನ್ನ ರೂಂಮೇಟ್‌ಗೆ ಮೆಸೇಜಿಂಗ್ ಆ್ಯಪ್ ಒಂದರಲ್ಲಿ ‘ಪಾರ್ಟ್‌ಟೈಮ್ ಕೆಲಸ’ ಸಿಕ್ಕಿತು. ತನ್ನ ಬ್ಯಾಂಕ್ ಖಾತೆಗೆ ಬಂದ ಹಣವನ್ನು ಅವರು ಹೇಳಿದ ಖಾತೆಗೆ ಕಳಿಸಿದರೆ ಕಮಿಷನ್. ಎರಡೇ ವಾರದಲ್ಲಿ ಖಾತೆ ಫ್ರೀಜ್ ಆಯಿತು, ಬೇರೆ ರಾಜ್ಯದ ಪೊಲೀಸರ ನೋಟಿಸ್ ಬಂತು. ಗಾಬರಿಯಲ್ಲಿ ಅವನು ಮೊದಲು ಮಾಡಿದ ಕೆಲಸ ಇಡೀ ಚಾಟ್ ಡಿಲೀಟ್ ಮಾಡಿದ್ದು. ತನ್ನನ್ನು ಹೇಗೆ ನಂಬಿಸಿದರು ಎಂಬುದಕ್ಕೆ ಅವನ ಬಳಿ ಇದ್ದ ಪುರಾವೆಯೂ ಅದೊಂದೇ ಆಗಿತ್ತು.

‘ಡಿಜಿಟಲ್ ಅರೆಸ್ಟ್’, ನಕಲಿ ಹೂಡಿಕೆಯಂಥ ವಂಚನೆಗಳಲ್ಲಿ ಹಣ ಇಂಥ ‘ಮ್ಯೂಲ್’ ಖಾತೆಗಳ ಮೂಲಕವೇ ಕೈ ಬದಲಿಸುತ್ತದೆ. ಜಾಲದ ಮೇಲಿರುವವರ ಮುಖವನ್ನು ಕೆಳಗಿನವರು ನೋಡಿರುವುದೇ ಇಲ್ಲ. ಹಾಗಾಗಿ ಪೊಲೀಸರಿಗೆ ಸಿಗುವ ಎಳೆಗಳೆಂದರೆ ಬ್ಯಾಂಕ್ ವಹಿವಾಟು, ಕರೆ ವಿವರ, ಐಪಿ ವಿಳಾಸ, ವಶಪಡಿಸಿಕೊಂಡ ಫೋನು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಸೈಬರ್ ಅಪರಾಧವನ್ನೂ ಸಂಘಟಿತ ಅಪರಾಧದ ಪಟ್ಟಿಗೆ ಸೇರಿಸಿದೆ. ಅದು ಸಾಬೀತಾದರೆ ಕನಿಷ್ಠ 5 ವರ್ಷ ಜೈಲು.

ಆದರೆ ಎಳೆ ಸಿಕ್ಕರೆ ಸಾಲದು, ಅದು ಕೋರ್ಟಿನಲ್ಲಿ ನಿಲ್ಲಬೇಕು. ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹಳೆಯ ಕಾಯ್ದೆಯಡಿ ಹೇಳಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರಕ್ಕೆ ತಜ್ಞರ ಸಹಿಯೂ ಬೇಕು, ಕಡತದ ‘ಹ್ಯಾಶ್’ ಮೌಲ್ಯವೂ ಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಂದು ಅಕ್ಷರ ತಿದ್ದಿದರೂ ಅದು ಬದಲಾಗುತ್ತದೆ. ಯಾರೋ ಫಾರ್ವರ್ಡ್ ಮಾಡಿದ ಸ್ಕ್ರೀನ್‌ಶಾಟ್‌ಗೆ ಆ ಬಲವಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಫೋನಿನಲ್ಲಿ ಅಪರಾಧದ ಜತೆಗೆ ನಮ್ಮ ಇಡೀ ಬದುಕೇ ಇರುತ್ತದೆ. ಫೋನಿನಲ್ಲಿ ಸಿಕ್ಕ ಮಾಹಿತಿಯೊಂದರಿಂದಲೇ ಅಪರಾಧ ಸಾಬೀತಾಗದು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್. ಈ ನಿಯಮಗಳು ಪಾಲನೆಯಾದರೆ ವಂಚಕ ಸಿಕ್ಕಿಬೀಳುತ್ತಾನೆ, ಅಮಾಯಕ ಪಾರಾಗುತ್ತಾನೆ. ಪಾಲನೆಯಾಗದಿದ್ದರೆ ಸುಲಭವಾಗಿ ಸಿಗುವವನು ಖಾತೆಯ ಮೇಲೆ ಹೆಸರಿರುವ ವಿದ್ಯಾರ್ಥಿ ಮಾತ್ರ.

ನನ್ನ ರೂಂಮೇಟ್‌ನ ಖಾತೆ ಇನ್ನೂ ತೆರೆದಿಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಹೊರಟಾಗಲೂ ಅವನ ತಲೆಯಲ್ಲಿ ಆ ನೋಟಿಸೇ. ಕೆಲಸ ಹುಡುಕುತ್ತಿರುವ ಗೆಳೆಯರೇ, ನಿಮ್ಮ ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಗೊತ್ತಿಲ್ಲದೆ ಜಾಲಕ್ಕೆ ಬಿದ್ದಿದ್ದರೆ ಏನನ್ನೂ ಅಳಿಸದೆ, ವಕೀಲರೊಬ್ಬರನ್ನು ಕಂಡು, ಫೋನಿನ ಸಮೇತ ಠಾಣೆಗೆ ಹೋಗಿ.