ಕಸದ ಹೆಸರು

ಯಾವಗಲ್ ಗ್ರಾಮದ ಎರೆಭೂಮಿಯಲ್ಲಿ ಹಿಂಗಾರಿಯ ಜೋಳ, ಕಡಲೆ, ಕುಸುಬೆಗಳನ್ನು ಗುರುತಿಸಲಾರದ ಮಗುವಿಲ್ಲ. ಆದರೆ ಅವುಗಳ ನಡುವೆ ಬಿತ್ತದೆ ಬೆಳೆಯುವ ಸಸ್ಯಗಳಿಗೆಲ್ಲ ‘ಕಸ’ ಎಂಬುದೊಂದೇ ಹೆಸರು. ಹೆಸರರಿಯದೆ ಕಿತ್ತೆಸೆಯುವ ಈ ಪರಿಪಾಠವನ್ನು ಶಾಲೆಯಾದರೂ ತಿದ್ದಬೇಕಾಗಿದೆ.

ಕಾಡುಮೆಂತೆ ಎನ್ನಬಹುದಾದ ಹಳದಿ ಹೂವಿನ ಕಿರುಸಸ್ಯವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಭಾರತದ ಹಿಂಗಾರಿ ಹೊಲಗಳಲ್ಲಿಯೂ ಕಾಲುವೆಯ ದಂಡೆಗಳಲ್ಲಿಯೂ ತಾನಾಗಿ ಹುಟ್ಟುವ ಇದಕ್ಕೆ ಮೆಂತೆಯಂತೆಯೇ ಮೂರು ಕಿರುದಳಗಳ ಎಲೆ. ನೀಳವಾದ ಗೊಂಚಲಿನಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಹೂಗಳು. ಲಿನ್ನೇಯಸನು 1753ರಲ್ಲಿ ಇದನ್ನು ‘ಮೂರೆಲೆ’ ಎಂಬ ಅರ್ಥದ ಟ್ರೈಫೋಲಿಯಂ ಕುಲದಲ್ಲಿ, ಕ್ಲೋವರ್ ಸಸ್ಯಗಳೊಡನೆ ಇರಿಸಿದನು. ಈಗಿನ ಶಾಸ್ತ್ರೀಯ ನಾಮ ಮೆಲಿಲೋಟಸ್ ಇಂಡಿಕಸ್. ಕಡಲೆಯ ಬೇರಿನಲ್ಲಿರುವಂತೆ ಇದರ ಬೇರಿನ ಗಂಟುಗಳಲ್ಲಿಯೂ ಸೂಕ್ಷ್ಮಜೀವಿಗಳು ನೆಲೆಸಿ, ಗಾಳಿಯ ಸಾರಜನಕವನ್ನು ಹಿಡಿದು ಸಸ್ಯಕ್ಕೆ ಒದಗಿಸುತ್ತವೆ. ಪಂಜಾಬಿನಲ್ಲಿ ಇದನ್ನು ‘ಸೆಂಜಿ’ ಎಂದು ಕರೆದು ಮೇವಿಗಾಗಿ ಬಿತ್ತುವುದುಂಟು. ಒಂದೆಡೆಯ ಕಸ ಮತ್ತೊಂದೆಡೆಯ ಬೆಳೆ.

ಹಾಗೆಂದು ಕಸವೆಲ್ಲ ಬೆಳೆಯಲಿ ಎಂಬುದು ರೈತನಿಗೆ ಹೇಳುವ ಮಾತಲ್ಲ. ಗೋದಿಯಲ್ಲಿ ಇದರ ಬೀಜ ಬೆರೆತರೆ ಹಿಟ್ಟಿಗೆ ವಾಸನೆ ತಗಲುತ್ತದೆ. ಇದೇ ಬಳಗದ ಮೇವು ಬೂಷ್ಟು ಹಿಡಿದರೆ ದನಗಳಿಗೆ ಅಪಾಯಕರ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕಗಳಲ್ಲಿ ಅಂಥ ಮೇವು ತಿಂದ ದನಗಳು ರಕ್ತಸ್ರಾವ ನಿಲ್ಲದೆ ಸತ್ತವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಮತ್ತು ಸಂಗಡಿಗರು 1939ರಲ್ಲಿ ಅದಕ್ಕೆ ಕಾರಣವಾದ ವಸ್ತುವನ್ನು ಕೆಟ್ಟ ಮೇವಿನಿಂದ ಬೇರ್ಪಡಿಸಿದರು. ಅದರ ಜಾಡು ಹಿಡಿದು ರೂಪುಗೊಂಡ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಬಂದು, 1954ರಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧವಾಯಿತು. ಅನೇಕ ಹೃದ್ರೋಗಿಗಳಿಗೆ ಅದನ್ನು ಇಂದಿಗೂ ಕೊಡಲಾಗುತ್ತಿದೆ. ದನದ ಸಾವನ್ನು ವಿಧಿಯೆಂದು ಬಿಡದೆ, ಯಾವ ಗಿಡ, ಯಾವ ಸ್ಥಿತಿಯಲ್ಲಿ ಎಂದು ಕೇಳಿದವರಿಂದ ಈ ಉಪಕಾರವಾಯಿತು.

ಇಂದು ಹೊಲಗಳಲ್ಲಿ ಕಳೆನಾಶಕದ ಸಿಂಪಡಣೆ ಹೆಚ್ಚುತ್ತಿದೆ. ಕೈಯಿಂದ ಕಸ ತೆಗೆಯುತ್ತಿದ್ದ ತಾಯಂದಿರಿಗೆ ಪಲ್ಯದ ಸೊಪ್ಪು ಯಾವುದು, ದನದ ಮೇವು ಯಾವುದು ಎಂಬ ಅರಿವಿತ್ತು. ಸಿಂಪಡಣೆಗೆ ಆ ವಿವೇಚನೆಯಿಲ್ಲ. ಬರೆದಿಡದ ಆ ಅರಿವು ಒಮ್ಮೆ ಅಳಿದರೆ ಮರಳಿ ಗಳಿಸುವುದು ಸುಲಭವಲ್ಲ.

ಆದುದರಿಂದ ಶಿಕ್ಷಕರು ಪ್ರತಿ ಹಿಂಗಾರಿಯಲ್ಲಿ ಮಕ್ಕಳನ್ನು ಹೊಲದ ಬದುವಿಗೆ ಕರೆದೊಯ್ಯುವುದು ಅವಶ್ಯ. ಮಕ್ಕಳು ಸಸ್ಯಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ, ಹಿರಿಯರು ಹೇಳುವ ಊರ ಹೆಸರನ್ನೂ ಶಾಸ್ತ್ರೀಯ ನಾಮವನ್ನೂ ಬರೆದಿಡಲಿ. ಇದಕ್ಕೆ ಬೇಕಾದುದು ಹಳೆಯ ವೃತ್ತಪತ್ರಿಕೆ, ದಪ್ಪ ಹಾಳೆ ಹಾಗೂ ಒಂದು ಕಪಾಟು. ಕೊಠಡಿಗಳನ್ನೇ ಕಟ್ಟಿಸಿಕೊಡುವ ದಾನಿಗಳಿಗೆ ಇದು ಭಾರವಲ್ಲ. ಹೊಲವುಳ್ಳ ಹಳೆಯ ವಿದ್ಯಾರ್ಥಿಗಳು ತಮ್ಮ ಬದುವನ್ನು ಒಂದು ದಿನ ಪಾಠಕ್ಕೆ ಬಿಟ್ಟುಕೊಟ್ಟರೆ ಸಾಕು. ಕೀಳಬೇಕಾದ ಗಿಡವನ್ನು ಕೀಳಲಿ. ಆದರೆ ಅದರ ಹೆಸರನ್ನರಿತು ಕೀಳಲಿ.