ವಿಮಾನಕ್ಕೂ ಒಂದು ಗೂಡು
ಯೂರೋಪಿನ ರಜಾ ವಿಮಾನ ಸಂಸ್ಥೆಗಳು ಬೇಸಗೆಯಲ್ಲಿ ಸಣ್ಣ ನಗರಗಳಲ್ಲಿಯೇ ವಿಮಾನವನ್ನೂ ಸಿಬ್ಬಂದಿಯನ್ನೂ ಬೀಡುಬಿಡಿಸುತ್ತವೆ. ಮುಂಜಾನೆ ಸ್ಪೇನ್, ಗ್ರೀಸ್‌ಗಳ ಕಡಲತೀರಕ್ಕೆ ಹೊರಟ ವಿಮಾನವು ರಾತ್ರಿ ಅದೇ ಗೂಡಿಗೆ ಮರಳುತ್ತದೆ. ಪ್ರವಾಸ ವ್ಯವಸ್ಥಾಪಕರು ಆಸನಗಳನ್ನು ಮುಂಚಿತವಾಗಿಯೇ ಸಗಟಾಗಿ ಕೊಳ್ಳುವುದರಿಂದ ನಷ್ಟದ ಭಯ ಕಡಮೆ.

ಕೊಪ್ಪಳ ಸೀಮೆಯ ನವಲಿಯವರಿಗೆ ಪ್ರಯಾಣಿಕ ವಿಮಾನದ ಆಸೆ ಹುಟ್ಟಿಸಿದುದು ತುಂಗಭದ್ರೆಯಾಚೆಯ ವಿದ್ಯಾನಗರದ ನಿಲ್ದಾಣ. ‘ಉಡಾನ್’ ಯೋಜನೆಯ ಆಸರೆಯಿಂದ 2017ರಲ್ಲಿ ಟ್ರೂಜೆಟ್ ಸಂಸ್ಥೆಯು ಅಲ್ಲಿಂದ ಬೆಂಗಳೂರು, ಹೈದರಾಬಾದುಗಳಿಗೆ ಸಂಚಾರವನ್ನಾರಂಭಿಸಿತು. 2022ರಲ್ಲಿ ಆ ಸಂಸ್ಥೆಯ ಹಾರಾಟವೇ ನಿಂತಿತು.

ಯೋಜನೆಯ ಸಹಾಯಧನವು ಒಂದು ಮಾರ್ಗಕ್ಕೆ ಮೂರೇ ವರ್ಷ. ಅದು ವಿಮಾನವನ್ನು ಕರೆತಂದೀತು. ಉಳಿಸಿಕೊಳ್ಳಬೇಕಾದುದು ತುಂಬಿದ ಆಸನಗಳು. ಹಂಪೆಗೆ ಯಾತ್ರಿಕರು ಬರುವುದು ಚಳಿಗಾಲದಲ್ಲಿ. ಮಕ್ಕಳ ರಜೆಗೆ ನವಲಿ, ಗಂಗಾವತಿಗಳ ಸಂಸಾರಗಳು ಹೊರಡುವುದು ಬೇಸಗೆಯಲ್ಲಿ. ಈ ಎರಡು ಸುಗ್ಗಿಗಳೂ ಕೂಡಿದರೆ ಮಾತ್ರ ಇಲ್ಲಿಯೂ ವಿಮಾನವೊಂದು ಗೂಡು ಕಟ್ಟೀತು.