ಕಾಳಗವಿಲ್ಲದ ಯುದ್ಧಚಿತ್ರಗಳು

ಚರಿತ್ರೆಯೆಂದರೆ ಇಸವಿಗಳೂ ಗೆದ್ದವರ ಹೆಸರುಗಳೂ ಎಂದು ನಮ್ಮ ಬಾಲಿಕೆಯರು ತಿಳಿದಿರುವುದು ನಮಗೆ ವ್ಯಸನದ ಸಂಗತಿ. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿ ವೈದ್ಯರಾಗಿದ್ದ ಜಾನ್ ಮೆಕಾಷ್ ಎಂಬವರನ್ನು ಬಲ್ಲವರು ವಿರಳ. 1848-49ರ ಸಿಖ್ ಯುದ್ಧದ ಕಾಲದಲ್ಲಿಯೂ 1852ರ ಬರ್ಮಾ ಯುದ್ಧದಲ್ಲಿಯೂ ಅವರು ಛಾಯಾಚಿತ್ರಗಳನ್ನು ತೆಗೆದರು. ಹೆಸರು ತಿಳಿದಿರುವ ಯುದ್ಧಛಾಯಾಗ್ರಾಹಕರಲ್ಲಿ ಅವರೇ ಮೊದಲಿಗರೆಂದು ಹೇಳುವುದುಂಟು. ಬೆಳ್ಳಿಯ ಲವಣವನ್ನು ಲೇಪಿಸಿದ ಆಗಿನ ಕಾಗದದ ಮೇಲೆ ಬೆಳಕು ಬಹಳ ಹೊತ್ತು ಬೀಳಬೇಕಾಗಿತ್ತು, ಅಲುಗಾಡುವುದು ಮೂಡುತ್ತಿರಲಿಲ್ಲ. ಆದುದರಿಂದ ಅವರಿಗೆ ಕಾಳಗವು ದೊರೆಯಲಿಲ್ಲ, ಮುಖಗಳು ದೊರೆತವು. ಅವುಗಳಲ್ಲೊಂದು ಬಾಲಕ ಮಹಾರಾಜ ದುಲೀಪ್ ಸಿಂಗನದು. 1849ರಲ್ಲಿ ರಾಜ್ಯವು ಕೈಬಿಟ್ಟಾಗ ಅವನಿಗೆ ಹತ್ತೇ ವರ್ಷ; ತಾಯಿಯಿಂದ ಅವನನ್ನು ಅದಕ್ಕೆ ಮೊದಲೇ ಅಗಲಿಸಿದ್ದರು. ಫಿರಂಗಿಗಳ ಪಟಗಳಿಗಿಂತ ಮೊದಲು ಈ ಮುಖವನ್ನೇ ತರಗತಿಯಲ್ಲಿ ತೋರಿಸಬೇಕೆಂಬುದು ನಮ್ಮ ಅಭಿಪ್ರಾಯ. ತಾಯ್ತಂದೆಯರೂ ಮನೆಯಲ್ಲಿ ಇಸವಿಗಳನ್ನು ಒಪ್ಪಿಸೆನ್ನುವ ಮುನ್ನ ಆ ಹುಡುಗನ ವಿಷಯವನ್ನು ಒಮ್ಮೆ ಕೇಳಿ ನೋಡಲಿ.